ಮೊದಲ ಸುತ್ತಿನ ಸುತ್ತೋಲೆ

ನಕಲಪ್ಪನವರಿಗೆ ತಂದೆ ತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ನೀರು ಸರಬರಾಜು ಕಚೇರಿಯ ನಕಲು ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತು, ಬೇರೆಯವರು ಗೀಚಿ ಕೊಟ್ಟದ್ದನ್ನು ಶುದ್ಧಪ್ರತಿ ಮಾಡುತ್ತ ಮಾಡುತ್ತ, ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತು. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅವರಿಗಿದ್ದ ಕಾಯಿಲೆಯೂ ಅದೇ ಕೈಯದು. ಆ ಕೈಗೆ ಕಚೇರಿಯ ಧಾಟಿ ಬಿಟ್ಟು ಬೇರೆ ಧಾಟಿಯಲ್ಲಿ ಬರೆಯಲು ಬರುತ್ತಿರಲಿಲ್ಲ. ಅಂಗಡಿಗೆ ಚೀಟಿ ಬರೆದರೂ ಮೇಲುಗಡೆ ‘ವಿಷಯ: ಸಾಬೂನು ಹಾಗೂ ಬೆಂಕಿಪೊಟ್ಟಣ ಸರಬರಾಜು ಕುರಿತು’ ಎಂದು ಬಿದ್ದುಬಿಡುತ್ತಿತ್ತು. ಮದುವೆಯಾದ ಹೊಸತರಲ್ಲಿ ತವರಿಗೆ ಹೋಗಿದ್ದ ಹೆಂಡತಿಗೆ ಬರೆದ ಕಾಗದ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮನ್ನು ಅತಿಯಾಗಿ ನೆನೆಯಲಾಗುತ್ತಿದೆ’ ಎಂದು ಶುರುವಾಗಿತ್ತು. ಆಕೆ ಅದನ್ನು ಈಗಲೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ, ಜಗಳವಾದಾಗ ಓದಿ ಹೇಳುವುದಕ್ಕೆ.

ಈ ಮನೆಗೆ ಎರಡು ತಿಂಗಳ ಹಿಂದೆ ಅಕ್ಕ ಬಂದರು. ಬಂದರು ಅನ್ನುವುದಕ್ಕಿಂತ, ನಾಲ್ಕು ಜನ ಅವರನ್ನು ಎತ್ತಿಕೊಂಡು ಬಂದರು. ಅಕ್ಕ ಎಂದರೆ ನಕಲಪ್ಪನವರ ಒಡಹುಟ್ಟಿದ ಅಕ್ಕ, ಅವರಿಗಿಂತ ಒಂಬತ್ತು ವರ್ಷ ದೊಡ್ಡವರು. ಅವ್ವ ಬೇಗ ಹೋದ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಆಮೇಲೆ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ಲಕ್ಷಾಂತರ ಜನರನ್ನು ‘ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗ್ರಿ’ ಎಂದು ಗದರಿದವರು. ನಿವೃತ್ತಿಯಾಗಿ ಮೂರು ವರ್ಷದ ಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಮೂಳೆಯೇನೋ ಕೂಡಿಕೊಂಡಿತು. ಆದರೆ ಅಕ್ಕ ಮಂಚ ಬಿಟ್ಟು ಕೆಳಗಿಳಿಯಲಿಲ್ಲ.

“ಓಡೋ ಬಸ್ಸಲ್ಲಿ ಮೂವತ್ತು ವರ್ಷ ಏನೂ ಹಿಡೀದೆ ನಿಂತವಳು ನಾನು,” ಎನ್ನುತ್ತಿದ್ದರು. “ನಿಂತಿರೋ ಬಚ್ಚಲಲ್ಲಿ ಬಿದ್ದೆ. ಇನ್ನು ಈ ಕಾಲನ್ನ ನಂಬಲ್ಲ, ಹೋಗ್ರೋ.”

ಡಾಕ್ಟರು ಕೊನೆಗೆ ನಕಲಪ್ಪನವರನ್ನು ಹೊರಗೆ ಕರೆದು ಹೇಳಿದರು. “ಈ ತಿಂಗಳು ಮುಗಿಯೋದ್ರೊಳಗೆ ಅವರು ಕಾಲು ಊರಬೇಕು. ಇಲ್ಲಾಂದ್ರೆ ಆಮೇಲೆ ಅವರೇ ಊರ್ತೀನಿ ಅಂದ್ರೂ ಕಾಲು ಕೇಳಲ್ಲ.” ತಿಂಗಳು ಮುಗಿಯಲು ಹದಿಮೂರು ದಿನ ಇತ್ತು.

ಈ ನಡುವೆ ಅಕ್ಕನ ಮಗ, ಊರೂರು ತಿರುಗಿ ಲಿಫ್ಟ್ ರಿಪೇರಿ ಮಾಡುವವನು, ಅಮ್ಮನಿಗೆ ಹೊತ್ತು ಹೋಗಲೆಂದು ತನ್ನ ವಿಡಿಯೋ ಗೇಮನ್ನು ಟಿವಿಗೆ ಸಿಕ್ಕಿಸಿ ಹೋಗಿದ್ದ. ಹೊತ್ತು ಹೋಯಿತು, ಅದರ ಜೊತೆಗೆ ಅಕ್ಕನ ನೆಮ್ಮದಿಯೂ ಹೋಯಿತು. ಆಟದಲ್ಲಿ ಕತ್ತಿ ಹಿಡಿದ ಒಬ್ಬ ಬಡಪಾಯಿ ಹಾಳು ಕೋಟೆಯೊಂದರೊಳಗೆ ನುಗ್ಗಬೇಕು. ಕೋಟೆಗೆ ಮೊದಲು ಒಂದು ಸೇತುವೆ, ಸೇತುವೆಯ ಮೇಲೆ ಕೊಡಲಿ ಹಿಡಿದು ನಿಂತ ಕೊಂಬಿನ ದೈತ್ಯ. ಅಕ್ಕ ಅವನಿಗೆ ‘ಚೆಕಿಂಗ್ ಇನ್ಸ್‌ಪೆಕ್ಟರ್’ ಎಂದು ಹೆಸರಿಟ್ಟರು. ಕಂಡಕ್ಟರಾಗಿದ್ದವರಿಗೆ ಅದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿಲ್ಲ. ಚೆಕಿಂಗ್ ಇನ್ಸ್‌ಪೆಕ್ಟರ್ ಅಕ್ಕನನ್ನು ಅದುವರೆಗೆ ಅರವತ್ತೊಂದು ಸಲ ಕೊಂದಿದ್ದ.

ಅವತ್ತು ಡಾಕ್ಟರ ಮಾತು ಕೇಳಿ ಬಂದ ನಕಲಪ್ಪನವರು ಅಕ್ಕನ ಮಂಚದ ಪಕ್ಕ ಕೂತರು. ಟಿವಿಯಲ್ಲಿ ಅರವತ್ತೆರಡನೆಯ ಸಾವು ನಡೆಯುತ್ತಿತ್ತು.

“ಇವನನ್ನ ಕೆಡವೋದು ಹೇಗೋ?” ಅಂದರು ಅಕ್ಕ, ತಮ್ಮನನ್ನು ಕೇಳಿದಂತೆ ಅಲ್ಲ, ಗೋಡೆಯನ್ನು ಕೇಳಿದಂತೆ.

ನಕಲಪ್ಪನವರು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಕ್ಕ ತನ್ನನ್ನು ಯಾವತ್ತೂ ಗೋಡೆಯ ಲೆಕ್ಕಕ್ಕೆ ಸೇರಿಸಿಬಿಡುತ್ತಾರಲ್ಲ ಎಂಬ ಐವತ್ತು ವರ್ಷದ ಸಂಕಟ ಅವರೊಳಗಿತ್ತು. “ಅಯ್ಯೋ, ಇದಾ ಅಕ್ಕ? ಕಚೇರೀಲಿ ಊಟದ ಹೊತ್ತಲ್ಲಿ ನಾವೆಲ್ಲ ಆಡೋದೇ ಇದು. ನಾನು ಎರಡು ಸಲ ಮುಗಿಸಿದೀನಿ,” ಎಂದುಬಿಟ್ಟರು. ಅದುವರೆಗೆ ಅವರು ಮುಗಿಸಿದ್ದ ಆಟವೆಂದರೆ ಹಾವು ಏಣಿ ಒಂದೇ, ಅದನ್ನೂ ಹಾವಿನ ಬಾಯಲ್ಲೇ ಮುಗಿಸಿದ್ದರು.

ಅಕ್ಕ ತಿರುಗಿ ತಮ್ಮನನ್ನು ಪೂರ್ತಿ ಒಂದು ನಿಮಿಷ ನೋಡಿದರು. “ಹಾಗಾದ್ರೆ ಕಲಿಸು. ಅವನು ಬಿದ್ದ ದಿನ ನಾನು ಏಳ್ತೀನಿ. ಮಾತು ಅಂದ್ರೆ ಮಾತು. ರೈಟ್?”

“ರೈಟ್,” ಅಂದರು ನಕಲಪ್ಪನವರು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದದ್ದು ಹೀಗೆ.

ಮಾರನೆಯ ದಿನ ಕಚೇರಿಯಲ್ಲಿ ಊಟದ ಬಿಡುವಿಗೆ ಎಲ್ಲರೂ ಹೊರಟ ಮೇಲೆ, ನಕಲಪ್ಪನವರು ಅಕ್ಕನ ಮಗನಿಗೆ ಫೋನ್ ಮಾಡಿದರು. ಅವನು ಯಾವುದೋ ಊರಿನ ಲಿಫ್ಟೊಂದರ ಒಳಗಿದ್ದ. ಲಿಫ್ಟ್ ಮೇಲೆ ಹೋದಾಗ ಮಾತು ಕೇಳುತ್ತಿತ್ತು, ಕೆಳಗೆ ಬಂದಾಗ ನಿಲ್ಲುತ್ತಿತ್ತು.

“ಮಾವ, ಬರ್ಕೊಳಿ. ಮೊದಲನೇ ಸಲ ಆಡೋರು ಮಾಡೋ ತಪ್ಪು ಏನಂದ್ರೆ...” ಎಂದವನು ಕೆಳಗೆ ಇಳಿದು ಹೋದ.

ನಕಲಪ್ಪನವರು ಹಾಳೆ ಎಳೆದುಕೊಂಡರು. ಕೈ ತನ್ನ ಪಾಡಿಗೆ ತಾನು ‘ವಿಷಯ’ ಎಂದು ಬರೆಯಿತು. ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಆ ಕಚೇರಿಯ ಶುದ್ಧಪ್ರತಿಯಲ್ಲಿ ಪರಭಾಷೆಯ ಪದ ಒಂದೂ ಇರಕೂಡದೆಂದು ಕಟ್ಟುನಿಟ್ಟಿತ್ತು. ಅಳಿಯ ಆ ಕೊಂಬಿನ ದೈತ್ಯನನ್ನು ‘ಬಾಸ್’ ಅಂದರೆ ಮಾವನ ಲೇಖನಿ ‘ಮೇಲಧಿಕಾರಿ’ ಎಂದು ಬರೆಯಿತು.

“ಮಾವ, ದಾರೀಲಿ ಕೆಲವರು ಸುಮ್ನೆ ನಿಂತಿರ್ತಾರೆ. ಹೊಡಿಯೋಕೆ ಬರಲ್ಲ, ಏನೂ ಇಲ್ಲ, ನಿಂತೇ ಇರ್ತಾರೆ. ಅವರ ಹತ್ರ ಎರಡೆರಡು ಸಲ ಮಾತಾಡ್ಬೇಕು.”

ಹೊಡೆಯಲು ಬಾರದೆ ಸುಮ್ಮನೆ ನಿಂತೇ ಇರುವವರು! ಕಚೇರಿಯ ಅನುಭವದಲ್ಲಿ ಅಂಥವರು ಯಾರೆಂದು ನಕಲಪ್ಪನವರಿಗೆ ಯೋಚಿಸಬೇಕಾಗಲೇ ಇಲ್ಲ. ‘ಸಾರ್ವಜನಿಕರು’ ಎಂದು ಬರೆದರು. ಲಿಫ್ಟ್ ಏಳು ಸಲ ಹತ್ತಿ ಇಳಿಯುವ ಹೊತ್ತಿಗೆ ಹಾಳೆ ಹೀಗೆ ಸಿದ್ಧವಾಗಿತ್ತು.

ವಿಷಯ: ಮೊದಲ ಸುತ್ತಿನಲ್ಲಿ ಅನುಸರಿಸಬೇಕಾದ ಕ್ರಮಗಳ ಕುರಿತು.
ಉಲ್ಲೇಖ: ದೂರವಾಣಿ ಸಂಭಾಷಣೆ.
ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ,
1. ಹೊಸ ಸ್ಥಳಕ್ಕೆ ಹೋದ ಕೂಡಲೇ ವಿಶ್ರಾಂತಿಯ ಜಾಗವನ್ನು ಮೊದಲು ಪತ್ತೆ ಹಚ್ಚತಕ್ಕದ್ದು.
2. ಕಂಡ ಪೆಟ್ಟಿಗೆಗಳನ್ನೆಲ್ಲ ತೆರೆದು ನೋಡತಕ್ಕದ್ದು. ಕೆಲವು ಪೆಟ್ಟಿಗೆಗಳಿಗೆ ಹಲ್ಲು ಇರುವ ಸಂಭವವಿರುವುದರಿಂದ ಮೊದಲು ಒಂದು ಏಟು ಹೊಡೆದು ಪರೀಕ್ಷಿಸತಕ್ಕದ್ದು.
3. ಸಾರ್ವಜನಿಕರನ್ನು ಎರಡು ಬಾರಿ ಮಾತನಾಡಿಸತಕ್ಕದ್ದು. ಎರಡನೆಯ ಬಾರಿ ಅವರು ಬೇರೆ ಮಾತು ಹೇಳುತ್ತಾರೆ.
4. ಮೈಮೇಲೆ ಭಾರ ಹೆಚ್ಚಿದ್ದಲ್ಲಿ ಉರುಳಲು ಆಗುವುದಿಲ್ಲವಾದ್ದರಿಂದ ಅನಗತ್ಯ ಹೊರೆಯನ್ನು ತ್ಯಜಿಸತಕ್ಕದ್ದು.
5. ಮೇಲಧಿಕಾರಿಗಳು ಕೈ ಎತ್ತಿದ ಕೂಡಲೇ ಹಿಂದಕ್ಕೆ ಓಡದೆ ಅವರ ಎಡಪಕ್ಕಕ್ಕೆ ಉರುಳತಕ್ಕದ್ದು.
6. ಮೇಲಧಿಕಾರಿಗಳಿಗೆ ಒಮ್ಮೆಗೆ ಎರಡು ಏಟು ಮಾತ್ರ. ಮೂರನೆಯದಕ್ಕೆ ಆಸೆ ಪಡತಕ್ಕದ್ದಲ್ಲ.
7. ಸತ್ತಲ್ಲಿ ಗಾಬರಿಯಾಗತಕ್ಕದ್ದಲ್ಲ. ಪುನಃ ಅದೇ ಜಾಗಕ್ಕೆ ಹೋಗಿ ಬಿಟ್ಟುಬಂದದ್ದನ್ನು ವಶಕ್ಕೆ ಪಡೆಯತಕ್ಕದ್ದು.
ತಪ್ಪಿದಲ್ಲಿ ಶಿಸ್ತಿನ ಕ್ರಮ ಜರುಗಿಸಲಾಗುವುದು.

ಕೊನೆಯ ಸಾಲನ್ನು ಅಳಿಯ ಹೇಳಿರಲಿಲ್ಲ, ಕೈಯೇ ಸೇರಿಸಿತ್ತು. ಬಲಗಡೆ ಕೆಳಗೆ ಸಹಿಗೆ ಜಾಗವನ್ನೂ ಅದೇ ಬಿಟ್ಟಿತ್ತು. ನಕಲಪ್ಪನವರು ಹಾಳೆಯನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದರು. ಅಷ್ಟರಲ್ಲಿ ಹೆಡ್ ಕ್ಲಾರ್ಕ್ ಬಂದು ಅಲ್ಲಿದ್ದ ಒಂಬತ್ತು ಶುದ್ಧಪ್ರತಿಗಳ ಜೊತೆ ಹತ್ತನೆಯದನ್ನೂ ಬಾಚಿಕೊಂಡು ಮೇಡಂ ಕೋಣೆಗೆ ಒಯ್ದರು.

ಮೇಡಂ ಎಂದರೆ ಮೇಲಧಿಕಾರಿ. ಬೇರೆ ಊರಿಂದ ವರ್ಗವಾಗಿ ಬಂದು ಎರಡೇ ತಿಂಗಳಾಗಿತ್ತು. ಎತ್ತರದ ಆಳು, ಮಾತು ಕಮ್ಮಿ, ಕನ್ನಡಕ ಯಾವಾಗಲೂ ಮೂಗಿನ ತುದಿಗೆ ಜಾರುತ್ತಿತ್ತು. ದಿನಕ್ಕೆ ಅರವತ್ತು ಕಾಗದಕ್ಕೆ ಸಹಿ ಹಾಕುವವರು ಎಲ್ಲವನ್ನೂ ಓದುತ್ತ ಕೂತರೆ ಕಚೇರಿ ನಡೆಯುವುದುಂಟೇ? ಸಹಿ ಬಿತ್ತು. ಟಪಾಲು ವಿಭಾಗದ ಹೆಂಗಸು, ಎಲ್ಲರ ಬಾಯಲ್ಲಿ ಟಪಾಲಮ್ಮ, ಅದಕ್ಕೊಂದು ನಂಬರು ಕೊಟ್ಟು, ಮೊಹರು ಗುದ್ದಿ, ಏಳು ಶಾಖೆಗಳಿಗೂ ಒಂದೊಂದು ಪ್ರತಿ ಕಳಿಸಿ, ಒಂದನ್ನು ಸೂಚನಾ ಫಲಕಕ್ಕೆ ಚುಚ್ಚಿದರು.

ಆ ಸಂಜೆ ನಕಲಪ್ಪನವರು ಮನೆಯಲ್ಲಿ ಎಲ್ಲ ಜೇಬುಗಳನ್ನೂ ಮಗುಚಿ ಹಾಕಿ, ಹಾಳೆ ಸಿಗದೆ, ನೆನಪಿನ ಮೇಲೆಯೇ ಆಟಕ್ಕೆ ಕೂತರು. ಚೆಕಿಂಗ್ ಇನ್ಸ್‌ಪೆಕ್ಟರ್ ಕೊಡಲಿ ಎತ್ತುವ ಮೊದಲೇ ಅವರ ವೀರ ಸೇತುವೆಯಿಂದ ತಾನಾಗಿ ಹೊಳೆಗೆ ಹಾರಿಕೊಂಡ.

“ಎರಡು ಸಲ ಮುಗಿಸಿದೀನಿ ಅಂದೆ?” ಅಂದರು ಅಕ್ಕ.

“ಈ ರಿಮೋಟು ಹೊಸದು ಅಕ್ಕ. ನಮ್ಮ ಕಚೇರೀದು ಹಳೇ ಮಾದರಿ.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಕ್ಕ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡರು.

ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತಿದ ನಕಲಪ್ಪನವರಿಗೆ ಸೂಚನಾ ಫಲಕದ ಮುಂದೆ ಗುಂಪು ಕಂಡಿತು. ತಲೆಗಳ ನಡುವೆ ತಮ್ಮದೇ ಮುತ್ತಿನಂಥ ಅಕ್ಷರ ಕಂಡಿತು. ಹೋಗಿ ನಿಜ ಹೇಳಿಬಿಡಬೇಕೆಂದು ಎರಡು ಹೆಜ್ಜೆ ಇಟ್ಟರು. ಆದರೆ ಹೆಡ್ ಕ್ಲಾರ್ಕ್ ಆಗಲೇ ಮೇಜು ಬಡಿದು ಸಿಬ್ಬಂದಿಯ ಸಭೆ ಶುರು ಮಾಡಿದ್ದರು.

ಹೆಡ್ ಕ್ಲಾರ್ಕ್ ತೊಂಬತ್ತೈದು ಕಿಲೋ ತೂಗುವ ವಿಧೇಯತೆ. ಎತ್ತು ಈಯಿತು ಎಂದು ಸುತ್ತೋಲೆ ಬಂದರೆ, ಕೊಟ್ಟಿಗೆಯಲ್ಲಿ ಕಟ್ಟಿ ವರದಿ ಕಳಿಸುವ ಜಾತಿಯವರು. “ಅರ್ಥ ಆಗಲಿಲ್ಲ ಅನ್ನೋ ಮಾತು ನನ್ನ ಮುಂದೆ ಬೇಡ,” ಎಂದರು. “ಮೇಡಂ ಎರಡು ತಿಂಗಳು ಬಾಯಿ ಬಿಡ್ಲಿಲ್ಲ ಯಾಕೆ? ಇದನ್ನೇ ಯೋಚಿಸ್ತಾ ಇದ್ರು. ಆರನೇದು ನೋಡಿ. ಏಟು ಅಂದ್ರೆ ಏನು? ಕಡತ! ಒಮ್ಮೆಗೆ ಎರಡೇ ಕಡತ ಮೇಡಂ ಮುಂದೆ ಇಡ್ಬೇಕು. ಮೂರನೇದಕ್ಕೆ ಆಸೆ ಪಡ್ಬಾರ್ದು. ಎಷ್ಟು ಗಂಭೀರವಾದ ಭಾಷೆ ನೋಡಿ!”

“ಎರಡನೇದು?” ಎಂದರು ಟಪಾಲಮ್ಮ. “ಪೆಟ್ಟಿಗೆಗೆ ಹಲ್ಲು?”

“ಅದು ಸುತ್ತೋಲೆ ಅಮ್ಮ. ಹಲ್ಲು ಅಂದ್ರೆ ಹಲ್ಲು. ಅಳತೆಗೋಲು ತಗೊಂಡು ಬನ್ನಿ.”

ಆ ಕಚೇರಿಯ ಹಿಂದಿನ ಕೋಣೆಯಲ್ಲಿ, ತಮ್ಮ ಹುಟ್ಟೇ ಮರೆತುಹೋದ ಹನ್ನೊಂದು ಕಬ್ಬಿಣದ ಪೆಟ್ಟಿಗೆಗಳಿದ್ದವು. ಟಪಾಲಮ್ಮ ಮೊದಲನೆಯದಕ್ಕೆ ಅಳತೆಗೋಲಿನಿಂದ ಒಂದು ಏಟು ಹಾಕಿ ಮುಚ್ಚಳ ಎತ್ತಿದರು. ಏನೂ ಇಲ್ಲ. ಎರಡನೆಯದಕ್ಕೆ ಏಟು ಬಿದ್ದದ್ದೇ ತಡ, ಒಳಗಿಂದ ಬೆಕ್ಕಿನ ಗಾತ್ರದ ಹೆಗ್ಗಣವೊಂದು ಹಲ್ಲು ಕಿರಿದುಕೊಂಡು ಹಾರಿ, ಹೆಡ್ ಕ್ಲಾರ್ಕ್ ಅವರ ಬೂಟಿನ ಮೇಲೆ ಹಾಯ್ದು ಮಾಯವಾಯಿತು.

“ನೋಡಿದ್ರಾ,” ಅಂದರು ಹೆಡ್ ಕ್ಲಾರ್ಕ್. “ಕೋಣೆಯಿಂದ ಹೊರಗೇ ಬರದೆ ಮೇಡಂಗೆ ಹೇಗೆ ಗೊತ್ತಾಯ್ತು?” ಆ ಗಳಿಗೆಯಿಂದ ಆ ಸುತ್ತೋಲೆಯನ್ನು ಅನುಮಾನಿಸಿದವರು ಯಾರೂ ಇಲ್ಲ. ಹೆಗ್ಗಣದ ಕೆಳಗೆ ಸಿಕ್ಕಿದ್ದು ಕಚೇರಿಯ ದೂರು ಪೆಟ್ಟಿಗೆಯ ಬೀಗದಕೈ. ಒಂಬತ್ತು ವರ್ಷದಿಂದ ಅದನ್ನು ಹುಡುಕಲಾಗುತ್ತಿದೆ ಎಂದು ದಾಖಲೆಯಲ್ಲಿತ್ತು.

ಮೂರನೆಯ ಕ್ರಮವೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು. ಸಾರ್ವಜನಿಕರಲ್ಲಿ ಒಬ್ಬ ಮುದುಕರು ಕಿಟಕಿಯ ಮುಂದೆ ನಿಂತಿದ್ದರು. “ಏನು ಬೇಕಿತ್ತು?” ಎಂದು ಟಪಾಲಮ್ಮ ಕೇಳಿದರು. “ಏನಿಲ್ಲ ತಾಯಿ, ಅರ್ಜಿ ಎಲ್ಲಿಗೆ ಬಂತು ಅಂತ ಕೇಳೋಣ ಅಂತ,” ಎಂದು ಮುದುಕರು ಹೊರಡಲು ತಿರುಗಿದರು. ಟಪಾಲಮ್ಮ ಫಲಕ ನೋಡಿದರು, ಗಂಟಲು ಸರಿಮಾಡಿಕೊಂಡರು, ಎರಡನೆಯ ಬಾರಿ “ಏನು ಬೇಕಿತ್ತು?” ಎಂದರು. ಮುದುಕರು ನಿಂತರು. ಈ ಕಚೇರಿಯಲ್ಲಿ ಅವರನ್ನು ಯಾರೂ ಎರಡನೆಯ ಸಲ ಕೇಳಿರಲಿಲ್ಲ. “ಆರು ತಿಂಗಳಿಂದ ನಲ್ಲೀಲಿ ನೀರಿಲ್ಲ ತಾಯಿ,” ಅಂದರು. “ನಮ್ಮವಳು ಮೂರು ಮಹಡಿ ನೀರು ಹೊತ್ತು ಹತ್ತುತ್ತಾಳೆ. ಅವಳಿಗೆ ಮಂಡಿ ನೋವು. ನನ್ನ ಮುಂದೆ ನೋವು ಅಂತ ಹೇಳಲ್ಲ.” ಟಪಾಲಮ್ಮ ಮೊಹರನ್ನು ಕೆಳಗಿಟ್ಟು, ಕಣ್ಣು ಒರೆಸಿಕೊಂಡು, ಅವತ್ತೇ ಕೊಳಾಯಿಯವರನ್ನು ಮುದುಕರ ಮನೆಗೆ ಓಡಿಸಿದರು.

ಹೀಗೆ ಇಡೀ ಕಚೇರಿ ಸುಧಾರಿಸುತ್ತ ಬಂದಂತೆ, ಅದರ ನಡುವೆ ಒಬ್ಬರು ಮಾತ್ರ ಸೊರಗುತ್ತ ಹೋದರು. ನಕಲಪ್ಪನವರು ಫಲಕದ ಮುಂದೆ ನಿಂತು ತಮ್ಮ ಹಾಳೆಯನ್ನು ಕದ್ದು ಓದಿ, ಅಂಗೈಯಲ್ಲಿ ಬರೆದುಕೊಂಡು, ಮನೆಗೆ ಹೋಗಿ ಅಕ್ಕನ ಮುಂದೆ ಸಾಯುತ್ತಿದ್ದರು. ಹತ್ತು ದಿನ ಉಳಿಯಿತು, ಏಳು ಉಳಿಯಿತು, ಐದು ಉಳಿಯಿತು. ಸರಿಯಾಗಿ ಎಡಕ್ಕೆ ಉರುಳಬೇಕಾದ ಹೊತ್ತಿಗೆ ಅವರಿಗೆ ಎಡ ಯಾವುದೆಂದು ಮರೆಯುತ್ತಿತ್ತು. ಕೊಂಬಿನವನ ಎದುರು ನಿಂತರೆ ಅಕ್ಕನ ಕಾಲು ಕಣ್ಣಮುಂದೆ ಬರುತ್ತಿತ್ತು. ಅವರಿಗೆ ಭಯವಾಗಿತ್ತು. ತನ್ನನ್ನು ಸೊಂಟದ ಮೇಲೆ ಹೊತ್ತವಳು ತನ್ನದೊಂದು ಬಡಾಯಿಯಿಂದ ಮಂಚಕ್ಕೆ ಅಂಟಿಕೊಳ್ಳುತ್ತಾಳೆ ಎಂದು ನಿಜಕ್ಕೂ ಭಯವಾಗಿತ್ತು.

ಅಷ್ಟರಲ್ಲಿ ಕಚೇರಿಯಲ್ಲಿ ಐದನೆಯ ಕ್ರಮದ ಸರದಿ ಬಂತು. ಹೆಡ್ ಕ್ಲಾರ್ಕ್ ಎರಡು ಕಡತ ಹಿಡಿದು ಮೇಡಂ ಮುಂದೆ ನಿಂತಿದ್ದರು. ನಾಲ್ಕನೆಯ ಕ್ರಮದಂತೆ ಬೀಗದಕೈ ಗೊಂಚಲು, ಬೆಲ್ಟು, ಕೈಗಡಿಯಾರ, ಊಟದ ಡಬ್ಬಿ ಎಲ್ಲವನ್ನೂ ಹೊರಗೇ ಬಿಟ್ಟು ಬಂದಿದ್ದರು. ಮೇಡಂ ಜಾರಿದ ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದರು. ಮರುಕ್ಷಣ ತೊಂಬತ್ತೈದು ಕಿಲೋ ವಿಧೇಯತೆ ನೆಲಕ್ಕೆ ಬಿದ್ದು, ಮೇಜು ಸುತ್ತಿ, ಕಸದ ಬುಟ್ಟಿ ಉರುಳಿಸಿಕೊಂಡು, ಮೇಡಂ ಅವರ ಎಡಪಕ್ಕಕ್ಕೆ ಬಂದು ಬಿದ್ದುಕೊಂಡಿತು.

“ಏನ್ರೀ ಇದು?” ಎಂದರು ಮೇಡಂ.

“ಕ್ರಮ ಸಂಖ್ಯೆ ಐದು, ಮೇಡಂ,” ಎಂದರು ನೆಲದಿಂದ ಹೆಡ್ ಕ್ಲಾರ್ಕ್.

ಕ್ರಮ ಸಂಖ್ಯೆ ಐದು ಏನೆಂದು ತಮಗೆ ಗೊತ್ತಿಲ್ಲ ಎನ್ನಲು ಮೇಡಂಗೂ ಮರ್ಯಾದೆ ಅಡ್ಡ ಬಂತು. “ಸರಿ. ಏಳಿ,” ಎಂದರು. ಹೆಡ್ ಕ್ಲಾರ್ಕ್ ಹೊರಗೆ ಹೋದ ಮೇಲೆ ಸುತ್ತೋಲೆಯ ಪ್ರತಿ ತರಿಸಿಕೊಂಡು, ಸಹಿಯನ್ನು ಮೂರು ಸಲ ನೋಡಿದರು. ಸಹಿ ಅವರದೇ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಅದೇ ದಿನ ಎರಡು ಕಾಗದಗಳೂ ಬಂದವು. ಒಂದು, ನಾಲ್ಕನೆಯ ಶಾಖೆಯಿಂದ: ‘ಕ್ರಮ ಸಂಖ್ಯೆ 7ರಂತೆ, ಸತ್ತ ಸಿಬ್ಬಂದಿಯು ಗಾಬರಿಯಾಗದೆ ಪುನಃ ಅದೇ ಜಾಗಕ್ಕೆ ಹಾಜರಾದಲ್ಲಿ, ಮಧ್ಯದ ಅವಧಿಯನ್ನು ಯಾವ ರಜೆಯೆಂದು ಪರಿಗಣಿಸಬೇಕೆಂಬ ಬಗ್ಗೆ ಸ್ಪಷ್ಟನೆ ಕೋರಿದೆ.’ ಇನ್ನೊಂದು, ಕೇಂದ್ರ ಕಚೇರಿಯಿಂದ: ‘ತಮ್ಮ ಸುತ್ತೋಲೆಯಿಂದ ದೂರುಗಳು ಅರ್ಧಕ್ಕಿಳಿದಿರುವುದು ಶ್ಲಾಘನೀಯ. ಎರಡನೆಯ ಸುತ್ತಿನ ಕ್ರಮಗಳನ್ನು ವಾರದೊಳಗೆ ಕಳುಹಿಸುವುದು.’

ಮೇಡಂ ಅಕ್ಷರವನ್ನು ಗುರುತು ಹಿಡಿದು ನಕಲಪ್ಪನವರಿಗೆ ಹೇಳಿ ಕಳಿಸಿದರು. ಆದರೆ ನಕಲಪ್ಪನವರು ಅಷ್ಟು ಹೊತ್ತಿಗೆ ‘ವಿಷಯ: ಹೊಟ್ಟೆ ನೋವು’ ಎಂದು ರಜೆಚೀಟಿ ಬರೆದಿಟ್ಟು ಮನೆ ಸೇರಿದ್ದರು. ತಿಂಗಳು ಮುಗಿಯಲು ಮೂರು ದಿನ ಇತ್ತು.

ಮಾರನೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ತೆಗೆದಳು. “ರೀ,” ಎಂದಳು ಸಣ್ಣ ಧ್ವನಿಯಲ್ಲಿ, “ಯಾರೋ ಎತ್ತರದೋರು. ನಿಮ್ಮ ಅಕ್ಷರ ಹಿಡ್ಕೊಂಡು ಬಂದಿದಾರೆ.”

“ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗ್ರಿ!” ಎಂದು ಮಂಚದಿಂದ ಅಕ್ಕನ ಧ್ವನಿ ಬಂತು. ಮೇಲಧಿಕಾರಿಗಳು ತಲೆ ಬಗ್ಗಿಸಿ ಒಳಗೆ ಬಂದರು. ಕೂರಲು ಇದ್ದದ್ದು ಟಿವಿಯ ಮುಂದಿನ ಒಂದೇ ಕುರ್ಚಿ, ಅದರ ಮೇಲೆ ಆಟದ ರಿಮೋಟ್ ಇತ್ತು. ಅದರ ಚಾರ್ಜ್ ತೀರಿ, ಟಿವಿಯ ಪಕ್ಕದ ಗೋಡೆಗೆ ಗಿಡ್ಡ ವೈರಿನಿಂದ ಸಿಕ್ಕಿಸಿದ್ದರು. ವೈರು ಮಂಚದವರೆಗೆ ಬರುತ್ತಿರಲಿಲ್ಲವಾದ್ದರಿಂದ ಅಕ್ಕ ಬೆಳಗಿನಿಂದ ಕೆಂಡವಾಗಿದ್ದರು. ಮೇಡಂ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

“ಇದರ ಮೇಲೆ ಸಹಿ ನಂದು. ಬರಹ ನಿಮ್ಮದು,” ಎಂದು ಹಾಳೆ ತೋರಿಸಿದರು. “ಎರಡನೇ ಸುತ್ತು ಕಳಿಸಿ ಅಂತ ಮೇಲಿನವರು ಕೇಳ್ತಿದಾರೆ. ಮೊದಲನೇದೇ ನಂಗೆ ಅರ್ಥ ಆಗ್ತಿಲ್ಲ. ‘ಮೇಲಧಿಕಾರಿಗಳು ಕೈ ಎತ್ತಿದ ಕೂಡಲೇ ಎಡಪಕ್ಕಕ್ಕೆ ಉರುಳತಕ್ಕದ್ದು.’ ಏನ್ರೀ ಇದು?”

“ಕೊಡಲಿ,” ಅಂದರು ಅಕ್ಕ ಮಂಚದಿಂದ. “ಅವನು ಕೊಡಲಿ ಎತ್ತಿದಾಗ ಎಡಕ್ಕೆ ಉರುಳ್ಬೇಕು. ಅದು ನಮ್ಮ ಚೆಕಿಂಗ್ ಇನ್ಸ್‌ಪೆಕ್ಟರ್ ಮಾತು.” ಆಮೇಲೆ ನಿಧಾನವಾಗಿ ತಮ್ಮನ ಕಡೆ ತಿರುಗಿದರು. “ಎರಡು ಸಲ ಮುಗಿಸಿದೋನು ಇದನ್ನ ಯಾಕೋ ಬರ್ಕೊಂಡೆ?”

ಇನ್ನು ಉರುಳಲು ನಕಲಪ್ಪನವರಿಗೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. “ನಾನು ಆಡಿಲ್ಲ ಅಕ್ಕ,” ಎಂದರು. “ಒಂದು ಸಲಾನೂ ಆಡಿಲ್ಲ. ನೀನು ಏಳ್ತೀನಿ ಅಂದ್ಯಲ್ಲ, ಅದಕ್ಕೆ ಕಲೀತೀನಿ ಅನ್ಕೊಂಡೆ.” ಲಿಫ್ಟು, ಹಾಳೆ, ಕೈ ತೊಳೆಯಲು ಹೋದದ್ದು, ಎಲ್ಲವನ್ನೂ ಹೇಳಿ ಮುಗಿಸಿದರು. ಮೇಡಂ ಒಂದೇ ಪದ ಕೇಳಿದರು. “ಆಟ?”

“ಆಟ, ಮೇಡಂ.”

ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದರು. “ಹಾಗಾದ್ರೆ ನಮ್ಮ ಮಾತೂ ಮುಗೀತು,” ಎಂದರು ಗೋಡೆಗೆ. “ಮೊದಲನೇ ಸುತ್ತೇ ಮುಗೀಲಿಲ್ಲ, ಎರಡನೇದಂತೆ ಇವರಿಗೆ.”

“ಅದೇ ಸರಿ!” ಎಂದರು ಮೇಡಂ. “ಮೊದಲ ಸುತ್ತು ಇನ್ನೂ ಮುಗಿದಿಲ್ಲ ಅಂತಾನೇ ಬರೀತೀನಿ. ಅದಕ್ಕೆ ಯಾರೂ ಏನೂ ಅನ್ನೋ ಹಾಗಿಲ್ಲ.” ಎರಡು ತಿಂಗಳಲ್ಲಿ ಮೊದಲ ಸಲ ಅವರ ಮುಖ ಸಡಿಲವಾಯಿತು. ಎದ್ದು ಹೊರಡಬೇಕಾದವರು ತೊಡೆಯ ಮೇಲಿದ್ದ ರಿಮೋಟನ್ನು ನೋಡಿದರು. “ನಾನು ಸಹಿ ಹಾಕಿದ್ದು ಕೆಲಸ ಮಾಡುತ್ತೋ ಇಲ್ವೋ ನೋಡೇಬಿಡೋಣ. ನೀವು ಓದ್ತಾ ಹೋಗಿ.”

ನಕಲಪ್ಪನವರು ಹಾಳೆ ಹಿಡಿದು ನಿಂತು, ಅತ್ಯಂತ ಗಂಭೀರವಾಗಿ, ಕ್ರಮ ಸಂಖ್ಯೆ ಸಹಿತ ಓದತೊಡಗಿದರು. ಮೇಡಂ ಸತ್ತರು. ನಕಲಪ್ಪನವರು ಏಳನೆಯದನ್ನು ಓದಿದರು. ಮೇಡಂ ಗಾಬರಿಯಾಗದೆ ಪುನಃ ಅದೇ ಜಾಗಕ್ಕೆ ಹೋದರು. ಹೆಂಡತಿ ಬಂದು ಬಾಗಿಲಿಗೆ ಒರಗಿ ನಿಂತಳು. ಆರು ಸಲ ಸತ್ತ ಮೇಲೆ, ಏಳನೆಯ ಸಲ ಮೇಡಂ ಕನ್ನಡಕ ತೆಗೆದು ನೆಲದ ಮೇಲಿಟ್ಟರು. ಕೊಡಲಿ ಮೇಲೆ ಹೋಯಿತು, ಅವರು ಎಡಕ್ಕೆ ಉರುಳಿದರು. ಎರಡು ಏಟು, ಹಿಂದಕ್ಕೆ. ಕೊಡಲಿ, ಎಡಕ್ಕೆ, ಎರಡು ಏಟು. ಗೋಡೆ ನೋಡುತ್ತಿದ್ದ ಅಕ್ಕ ಅಂಗಾತ ಮಲಗಿದರು, ಆಮೇಲೆ ಇತ್ತ ಹೊರಳಿದರು, ಆಮೇಲೆ ಕೂತರು. ಚೆಕಿಂಗ್ ಇನ್ಸ್‌ಪೆಕ್ಟರನ ಪ್ರಾಣ ಬೆರಳಗಲ ಉಳಿದಿತ್ತು. ಇಷ್ಟು ಕಮ್ಮಿ ಪ್ರಾಣದ ಅವನನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಮೇಡಂ ಒಂದು ಏಟು ಹಾಕಿದರು. ಎರಡು ಏಟು ಹಾಕಿದರು. ಅವರ ಹೆಬ್ಬೆರಳು ಮೂರನೆಯದಕ್ಕೆ ಎದ್ದಿತು.

“ಎರಡೇ! ಎರಡೇ ಅಂತ ಬರೆದಿಲ್ವೇನ್ರೀ! ಕೊಡ್ರಿ ಇಲ್ಲಿ!” ಎನ್ನುತ್ತ ಅಕ್ಕ ಬಂದು ಮೇಡಂ ಕೈಯಿಂದ ರಿಮೋಟ್ ಕಿತ್ತುಕೊಂಡರು.

ಕಿತ್ತುಕೊಂಡು, ನಿಂತೇ ಆಡಿದರು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ನಕಲಪ್ಪನವರು ಓದುವುದನ್ನು ನಿಲ್ಲಿಸಿದರು. ಮಂಚದಿಂದ ಕುರ್ಚಿಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯನ್ನು ಅವರು ಕಣ್ಣಲ್ಲಿ ಮತ್ತೆ ಮತ್ತೆ ಎಣಿಸಿದರು. ಒಂದು ಮಾತು ಆಡಿದರೂ ಅಕ್ಕನಿಗೆ ಕಾಲು ನೆನಪಾಗಿಬಿಡುತ್ತದೆ ಎಂದು ಉಸಿರು ಹಿಡಿದರು. ಟಿವಿಯಲ್ಲಿ ಕೊಡಲಿ ಬಿತ್ತು. ಅಕ್ಕನ ವೀರ ಸತ್ತುಬಿದ್ದ. ಬೆರಳಗಲದ ಪ್ರಾಣ ಇಟ್ಟುಕೊಂಡು ಚೆಕಿಂಗ್ ಇನ್ಸ್‌ಪೆಕ್ಟರ್ ಸೇತುವೆಯ ಮೇಲೆ ಹಾಗೇ ನಿಂತಿದ್ದ.

“ಥೂ!” ಎಂದರು ಅಕ್ಕ. ಎಂದವರು ಕೆಳಗೆ ನೋಡಿದರು. ತಮ್ಮ ಎರಡು ಕಾಲೂ ತಮ್ಮ ಕೆಳಗೇ ಇದ್ದವು. ಒಂದು ಕೈ ಕುರ್ಚಿಯ ಬೆನ್ನನ್ನು ಹುಡುಕಿ ಹಿಡಿಯಿತು.

“ನಾನು... ಇಲ್ಲಿಗೆ ಹೇಗೆ ಬಂದೆ?”

“ನಡ್ಕೊಂಡು ಬಂದ್ರಿ,” ಎಂದರು ಮೇಡಂ, ಏನೂ ತಿಳಿಯದೆ.

ಅಕ್ಕ ಮಂಚದ ಕಡೆ ನೋಡಿದರು. ಬರುವಾಗ ನಾಲ್ಕು ಹೆಜ್ಜೆ ಇದ್ದ ನೆಲ ಈಗ ಅವರಿಗೆ ಎಷ್ಟು ದೂರ ಕಾಣುತ್ತಿತ್ತೋ, ಹಿಡಿದ ಕೈಯ ಗಿಣ್ಣು ಬೆಳ್ಳಗಾಗಿತ್ತು. “ಅವನಿನ್ನೂ ಬಿದ್ದಿಲ್ಲ,” ಎಂದರು ತಮ್ಮನಿಗೆ, ಜಗಳಕ್ಕೆ ನಿಂತವರಂತೆ. “ಅವನು ಬಿದ್ದ ಮೇಲೆ ಏಳೋದು ಅಂತ ಮಾತು. ಇದು ಲೆಕ್ಕಕ್ಕಿಲ್ಲ.”

“ಲೆಕ್ಕಕ್ಕಿಲ್ಲ ಅಕ್ಕ,” ಎಂದರು ನಕಲಪ್ಪನವರು. ಅವರ ಕಣ್ಣು ತುಂಬಿತ್ತು. ಹಾಳೆಯನ್ನು ಬಿಸಾಕಿ, ಎರಡೂ ಕೈ ಚಾಚಿ ಅವರ ಬಳಿಗೆ ಬಂದರು.

ಅಕ್ಕ ಆ ಕೈಗಳನ್ನು ನೋಡಿದರು, ನೆಲವನ್ನು ನೋಡಿದರು. ಆಮೇಲೆ ರಿಮೋಟನ್ನು ಮೇಡಂ ತೊಡೆಯ ಮೇಲಿಟ್ಟು, ಕುರ್ಚಿಯ ಬೆನ್ನಿನಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು.

“ಕೈ ತೆಗಿಯೋ,” ಅಂದರು. “ಇದು ನನ್ನ ಮೊದಲನೇ ಸುತ್ತು. ನಾನೇ ಆಡ್ತೀನಿ.”

ನಕಲಪ್ಪನವರು ಕೈ ತೆಗೆದರು. ಅಕ್ಕ ಮುರಿದಿದ್ದ ಕಾಲನ್ನೇ ಮೊದಲು ಮುಂದಿಟ್ಟರು.